ಆರನೆಯ ಸೂತಕ





ಜನನ, ಪ್ರೇತ, ರಜಸ್ಸು, ಎಂಜಲು, ಜಾತಿ ಎಂಬ ಐದು ಸೂತಕಗಳು ಲಿಂಗಧಾರಿಗೆ ಇಲ್ಲವೆಂದು ಸಾರಿದ ಧರ್ಮ ನಮ್ಮದು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವ ನಾವೇ ಆರನೆಯ ಸೂತಕವೊಂದನ್ನು ಸದ್ದಿಲ್ಲದೆ ಸಾಕಿಕೊಂಡಿದ್ದೇವೆ. ಅದು ಕುಷ್ಠದ ಸೂತಕ.

ಹಂಪೆಯಲ್ಲಿ 1528ರಲ್ಲಿ ಕೃಷ್ಣದೇವರಾಯನು ಮಾಡಿಸಿದ ಲಕ್ಷ್ಮೀನರಸಿಂಹನ ಕೈಗಳು ಮುರಿದಿವೆ. ಆದರೂ ಅದರ ಮುಂದೆ ನಿಂತವರು ಕೈಮುಗಿಯುತ್ತಾರೆ. ನಮ್ಮ ಕಮಲಾಪುರದ ವಸ್ತುಸಂಗ್ರಹಾಲಯದಲ್ಲಿ ಭಗ್ನಶಿಲ್ಪಗಳಿಗೂ ಸೂರಿದೆ, ಕಾವಲಿದೆ. ಬೆರಳು ಸವೆದ ಮನುಷ್ಯನಿಗೆ ಮಾತ್ರ ನಮ್ಮ ಪಂಕ್ತಿಯಲ್ಲಿ ಎಡೆಯಿಲ್ಲ! ಸಿರಿವಂತರ ಶಿವಾಲಯಕ್ಕಿಂತ ಬಡವನ ದೇಹವೇ ದೇಗುಲವೆಂದು ತಿಳಿಸಿದ ಬಸವಣ್ಣನವರ ವಚನ ನಮಗೆಲ್ಲ ಕಂಠಪಾಠ. ನಿರೋಗಿಯ ದೇಹ ಮಾತ್ರವೇ ದೇಗುಲ ಎಂದು ಅಪ್ಪನವರು ಷರತ್ತು ಹಾಕಿದ್ದರೇ? ಸ್ಥಾವರದ ಭಗ್ನತೆಯನ್ನು ಗೌರವಿಸಿ ಜಂಗಮದ ಭಗ್ನತೆಗೆ ಅಸಹ್ಯಪಡುವುದು ಯಾವ ಲಿಂಗಪೂಜೆ?

"ಅದು ಪೂರ್ವಜನ್ಮದ ಪಾಪದ ಫಲ" ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ಈ ರೋಗಕ್ಕೆ ಕಾರಣ ಒಂದು ಸೂಕ್ಷ್ಮಾಣು ಎಂಬುದನ್ನು ನಾರ್ವೆಯ ವೈದ್ಯ ಹ್ಯಾನ್ಸೆನ್ 1873ರಲ್ಲಿಯೇ ಕಂಡರು. ಬಹುಪಾಲು ಜನರಿಗೆ ಅದನ್ನು ತಡೆಯುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಬೆರಳುಗಳು ತಾವಾಗಿ ಉದುರುವುದಿಲ್ಲ. ನರಗಳು ಸ್ಪರ್ಶ ಕಳೆದುಕೊಂಡಾಗ ಸುಟ್ಟದ್ದೂ ತರಚಿದ್ದೂ ತಿಳಿಯದೆ, ಗಾಯ ಮಾಗದೆ ಸವೆಯುತ್ತವೆ. 6 ಅಥವಾ 12 ತಿಂಗಳ ಬಹುವಿಧ ಔಷಧದಿಂದ ರೋಗ ಗುಣವಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಅದು ಉಚಿತ. ಗುಳಿಗೆಗೆ ಕರಗುವ ಪಾಪ ಯಾವುದು, ಹೇಳಿ!

ಮಂಗಳೂರಿನ ಕಂಕನಾಡಿಯಲ್ಲಿ ಜರ್ಮನಿಯಿಂದ ಬಂದ ಪಾದ್ರಿ ಅಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ನೆರೆಯ ಮಹಾರಾಷ್ಟ್ರದಲ್ಲಿ ಬಾಬಾ ಆಮ್ಟೆಯವರು 1949ರಲ್ಲಿ ಮಹಾರೋಗಿ ಸೇವಾ ಸಮಿತಿಯನ್ನು ಸ್ಥಾಪಿಸಿ, ಆನಂದವನದಲ್ಲಿ ರೋಗಿಗಳ ಕೈಗೆ ಭಿಕ್ಷಾಪಾತ್ರೆಯ ಬದಲು ಕೆಲಸ ಕೊಟ್ಟರು. ಅದು ಕಾಯಕವಲ್ಲದೆ ಮತ್ತೇನು? ವಚನ ಓದದವರು ವಚನವನ್ನು ಬಾಳಿದರು. ಓದುವ ನಾವು ಜಾತ್ರೆಯ ಬಾಗಿಲಲ್ಲಿ ದೂರದಿಂದ ನಾಣ್ಯ ಎಸೆದು ಅದನ್ನು ದಾಸೋಹವೆನ್ನುತ್ತೇವೆ. ಎಸೆದದ್ದು ದಾಸೋಹವಲ್ಲ, ಜೊತೆಯಲ್ಲಿ ಕುಳಿತು ಉಂಡದ್ದು ದಾಸೋಹ.

"ರೋಗವೇ ಹೋಗಿದೆಯಲ್ಲ" ಎನ್ನುವವರೂ ಇದ್ದಾರೆ. 2005ರ ಡಿಸೆಂಬರಿನಲ್ಲಿ ಸಾಧಿಸಿದ ನಿವಾರಣೆಯ ಅರ್ಥ, ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂದಷ್ಟೇ. 2023ರಲ್ಲಿಯೂ ದೇಶದಲ್ಲಿ 1 ಲಕ್ಷಕ್ಕೂ ಹೆಚ್ಚು ಹೊಸ ರೋಗಿಗಳು ಪತ್ತೆಯಾದರು. ರೋಗಿಗಳನ್ನು ಬೇರ್ಪಡಿಸುತ್ತಿದ್ದ 1898ರ ಕಾಯಿದೆ 2016ರಲ್ಲಿ ರದ್ದಾಯಿತು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ನಿಯಮವನ್ನು 2019ರಲ್ಲಿ ತೆಗೆಯಲಾಯಿತು. ಸರ್ಕಾರ ಬಿಟ್ಟ ಸೂತಕವನ್ನು ಶರಣರ ಮಕ್ಕಳು ಇನ್ನೂ ಹಿಡಿದಿರುವುದು ನಾಚಿಕೆಗೇಡು.

ಆದ್ದರಿಂದ ಮೈಮೇಲೆ ಸ್ಪರ್ಶವಿಲ್ಲದ, ಬಣ್ಣಗೆಟ್ಟ ಮಚ್ಚೆ ಕಂಡರೆ ಬಚ್ಚಿಡಬೇಡಿ. ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿರಿ. ಬಚ್ಚಿಡುವಂತೆ ಮಾಡುವುದು ರೋಗವಲ್ಲ, ನಮ್ಮ ನೋಟ. ಗುಣವಾಗಿ ಬಂದವರಿಗೆ ಅಂಗಡಿಯಲ್ಲಿ, ಹೊಲದಲ್ಲಿ ಕಾಯಕ ಕೊಡಿ. ಪ್ರಸಾದದ ಪಂಕ್ತಿಯಲ್ಲಿ ಪಕ್ಕಕ್ಕೆ ಕರೆದು ಕೂರಿಸಿಕೊಳ್ಳಿ. ಹಾಗೆ ಕೂರಿಸಿಕೊಳ್ಳಲಾಗದ ದಿನ, ಐದು ಸೂತಕ ಬಿಟ್ಟೆವೆಂಬ ಮಾತನ್ನೂ ಆಡದಿರೋಣ.