ಬಾಗಿಲಲ್ಲಿ ನಿಂತು ಕೇಳುವ ಯಂತ್ರ

ಅಂತರ್ಜಾಲದಲ್ಲಿ ಪುಟದಿಂದ ಪುಟಕ್ಕೆ ಸಂಚರಿಸಿ ಮಾಹಿತಿ ಸಂಗ್ರಹಿಸುವ ತಂತ್ರಾಂಶಕ್ಕೆ ‘ಕ್ರಾಲರ್’ ಎಂದು ಹೆಸರು. ಇಂಥದನ್ನು ರಚಿಸಬಲ್ಲ ತರುಣರು ವಾಚಕರ ಮನೆಗಳಲ್ಲಿಯೂ ಇದ್ದಾರು. ಅವರಿಗಾಗಿ ನಮ್ಮ ಈ ಮಾತು. ನಾವು ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಕ್ರಾಲರ್ ಸಾವಿರಾರು ಪುಟಗಳನ್ನು ಬೇಡಬಲ್ಲದು. ಚಿಕ್ಕ ಗ್ರಂಥಾಲಯವೊಂದರ ಸರ್ವರ್ ಆ ಭಾರಕ್ಕೆ ಕುಸಿದರೆ, ಓದಲು ಬಂದವರಿಗೆ ಬಾಗಿಲು ಮುಚ್ಚಿದಂತೆಯೇ ಸರಿ.

1994ರಲ್ಲಿ ಮಾರ್ಟೈನ್ ಕೋಸ್ಟರ್ ಎಂಬುವರು ಇದಕ್ಕೊಂದು ಕ್ರಮವನ್ನು ಸೂಚಿಸಿದರು. ಎಲ್ಲಿಗೆ ಬರಬಾರದೆಂಬುದನ್ನು ತಾಣದ ಒಡೆಯರು ‘ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ’ ಎಂಬ ಕಡತದಲ್ಲಿ ಬರೆದಿಡುವರು. ಕ್ರಾಲರ್ ಮೊದಲು ಅದನ್ನೋದಿ ಅದರಂತೆ ನಡೆಯತಕ್ಕದ್ದು. 2022ರಲ್ಲಿ ಈ ಕ್ರಮವು ಆರ್‌ಎಫ್‌ಸಿ 9309 ಎಂಬ ದಾಖಲೆಯಾಗಿ ಪ್ರಕಟವಾಯಿತು. ಆದರೂ ಅದು ಬೀಗವಲ್ಲ, ವಿನಂತಿ ಮಾತ್ರ. ಮೀರಬಯಸುವವನನ್ನು ಆ ಕಡತವು ತಡೆಯಲಾರದು.

ಆದಕಾರಣ ಹೊಣೆಯೆಲ್ಲ ತಂತ್ರಾಂಶ ಬರೆಯುವವರದು. ಹೆಸರನ್ನೂ ಸಂಪರ್ಕದ ವಿಳಾಸವನ್ನೂ ಮರೆಮಾಚದೆ ತಿಳಿಸಬೇಕು. ಒಂದು ಕೋರಿಕೆಗೂ ಮತ್ತೊಂದಕ್ಕೂ ನಡುವೆ ಬಿಡುವಿರಬೇಕು. ಕೆಲಸ ಬೇಗ ಮುಗಿಯಲೆಂದು ಈ ಬಿಡುವನ್ನೇ ಅಳಿಸುವವರನ್ನು ಜಾಣರೆನ್ನಲು ನಮಗೆ ಮನಸ್ಸಿಲ್ಲ. ಸರ್ವರ್ 429 ಎಂದು ಉತ್ತರಿಸಿದರೆ ‘ಕೋರಿಕೆ ಅತಿಯಾಯಿತು’ ಎಂದರ್ಥ. ಎಷ್ಟು ಸೆಕೆಂಡು ತಾಳಬೇಕೆಂದು ಅದು ತಿಳಿಸಿದ್ದರೆ ಅಷ್ಟೂ ಹೊತ್ತು ಕಾಯಬೇಕು. ಹಿಂದೆ ಒಯ್ದ ಪುಟವನ್ನು ‘ಬದಲಾಗಿದ್ದರೆ ಮಾತ್ರ ಕೊಡಿ’ ಎಂದು ಕೇಳುವ ಸೌಕರ್ಯವೂ ಉಂಟು. ಬದಲಾಗದಿದ್ದಲ್ಲಿ ಸರ್ವರ್ 304 ಎಂದಷ್ಟೇ ಹೇಳಿ, ಇಡೀ ಪುಟವನ್ನು ಮತ್ತೆ ಕಳುಹಿಸುವ ಶ್ರಮದಿಂದ ಪಾರಾಗುತ್ತದೆ.