ಟಿವಿ ದೊಡ್ಡದಾದರೂ ಚಿತ್ರ ಯಾಕೆ ಮಸುಕು?

ಪುಣೆಯಲ್ಲಿ ಕನ್ನಡದ ಗೆಳೆಯರು ಸೇರಿದಾಗ ಕೇಳುವ ದೂರು ಒಂದಿದೆ: ಹೊಸ 4ಕೆ ಟಿವಿಯಲ್ಲಿ ಹಳೆಯ ಕನ್ನಡ ಸಿನಿಮಾ ಮಸುಕು, ಹಳೇ ಡಬ್ಬ ಟಿವಿಯೇ ವಾಸಿ!

ಲೆಕ್ಕ ಸರಳ. ನಮ್ಮ ಎಸ್‌ಡಿ ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಪಿಕ್ಸೆಲ್. ಫುಲ್ ಎಚ್‌ಡಿ ಪರದೆಯಲ್ಲಿ ಇದರ 5 ಪಟ್ಟು, 4ಕೆಯಲ್ಲಿ 20 ಪಟ್ಟು. ಅಂದರೆ ಬಂದ ಪ್ರತಿ ಪಿಕ್ಸೆಲ್‌ಗೆ ಉಳಿದ 19ನ್ನು ಟಿವಿ ಊಹಿಸಿಯೇ ತುಂಬಬೇಕು. ಹಳೆಯ 4:3 ಚಿತ್ರವನ್ನು ಪರದೆ ತುಂಬ ಎಳೆದರೆ ಮುಖಗಳೂ ಅಗಲವಾಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ 4:3 ಆರಿಸಿ, ಶಾರ್ಪ್‌ನೆಸ್ ಇಳಿಸಿದರೆ ತುಸು ಸುಧಾರಿಸೀತು.

ಆದರೆ ಸಿನಿಮಾದ ಮೂಲ ಎಸ್‌ಡಿ ಅಲ್ಲ. 35 ಎಂಎಂ ನೆಗೆಟಿವ್ ಚೆನ್ನಾಗಿದ್ದರೆ 4ಕೆಯಲ್ಲಿ ಸ್ಕ್ಯಾನ್ ಮಾಡುವಷ್ಟು ವಿವರ ಅದರಲ್ಲಿರುತ್ತದೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಇದಕ್ಕೆ ಸಾಕ್ಷಿ. ಇಲ್ಲಿನ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಕಾಪಾಡಿದ್ದ ನೆಗೆಟಿವ್‌ನಿಂದ ಅದು ಹೊಸ ರೂಪ ಪಡೆದು, 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು.

ನೆಗೆಟಿವ್ ಹಾಳಾದ ಸಿನಿಮಾಕ್ಕೆ ಉಳಿಯುವುದು ಆ ಮಸುಕು ಪ್ರತಿಯೇ. ಆಮೇಲೆ ಎಐ ಕೂಡ ಊಹಿಸೀತೇ ಹೊರತು ಕಳೆದದ್ದನ್ನು ಮರಳಿ ತರದು. ಹೊಸ ಸಿನಿಮಾಗಳಿಗೆ ಸಬ್ಸಿಡಿ ಕೊಡುವ ರಾಜ್ಯ ಸರ್ಕಾರ, ಅದರಲ್ಲೊಂದು ಪಾಲನ್ನು ಹಳೆಯ ನೆಗೆಟಿವ್‌ಗಳ ಸ್ಕ್ಯಾನಿಂಗ್‌ಗೆ ಮೀಸಲಿಡಲಿ. ಹೊರನಾಡ ಕನ್ನಡ ಸಂಘಗಳೂ ಇದಕ್ಕೆ ದನಿಗೂಡಿಸಲಿ.