ಬಳ್ಳಾರಿಯದಲ್ಲದ ಬಳ್ಳಾರಿ ಜಾಲಿ

ಘಣಸೋಲಿಯ ಕಟ್ಟಡಗಳ ಸಾಲು ಮುಗಿದು ಖಾಡಿಯ ಕಾಂಡ್ಲಾವನ ಆರಂಭವಾಗುವುದಕ್ಕೆ ಮೊದಲು, ಮಣ್ಣು ತುಂಬಿ ಎತ್ತರಿಸಿದ ನೆಲದ ಒಂದು ಪಟ್ಟಿಯಿದೆ. ಅಲ್ಲಿ ಬೆಳೆದ ಮುಳ್ಳುಪೊದೆಯೊಂದನ್ನು ಕಂಡು ಕೊಪ್ಪಳದ ಕಡೆಯ ಮಿತ್ರರೊಬ್ಬರು, "ನಮ್ಮ ಬಳ್ಳಾರಿ ಜಾಲಿ ಇಲ್ಲಿಗೂ ಬಂದದ ನೋಡ್ರಿ" ಎಂದರು. ಜೊತೆಗಿದ್ದ ಮರಾಠಿ ನೆರೆಯವರು ಅದನ್ನೇ ವೇಡಿ ಬಾಭೂಳ, ಎಂದರೆ ಹುಚ್ಚು ಜಾಲಿ, ಎಂದರು.

ಗುಜರಾತಿಗಳಿಗೂ ಅದು ಹುಚ್ಚು ಜಾಲಿಯೇ: ಗಾಂಡೋ ಬಾವಳ. ತಮಿಳರು ಸೀಮೈ ಕರುವೇಲಂ ಎಂದು ಕರೆದು, ನಮ್ಮ ಸೀಮೆಎಣ್ಣೆ ಸೀಮೆಹುಣಸೆಗಳಂತೆ, ಅದನ್ನು ಪರದೇಶದ ತಲೆಗೆ ಕಟ್ಟಿದ್ದಾರೆ. ತೆಲುಗರದು ಸರ್ಕಾರು ತುಮ್ಮ. ಸರಕಾರಿ ಸಂಬಳ ಉಣ್ಣುವ ನಮಗೆ ಈ ಹೆಸರು ತುಸು ಚುಚ್ಚುತ್ತದೆಯಾದರೂ, ಸತ್ಯಕ್ಕೆ ಹೆಚ್ಚು ಹತ್ತಿರವಾದದ್ದು ಅದೇ. ಬಳ್ಳಾರಿ ಈ ಗಿಡದ ತವರಲ್ಲ. ಪ್ರೊಸೋಪಿಸ್ ಜೂಲಿಫ್ಲೋರಾ ಎಂಬ ಇದು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ಉತ್ತರ ಭಾಗದ ಸಸ್ಯ. ಜಾಲಿಯ ಕುಲಕ್ಕೂ ಸೇರಿದ್ದಲ್ಲ. ಮುಳ್ಳನ್ನೂ ಕಿರಿದಾದ ಎಲೆಗಳನ್ನೂ ಕಂಡು ನಾವು ಜಾಲಿ ಎಂದೆವು.

ಇದರ ಬೀಜ ನಮ್ಮ ದೇಶಕ್ಕೆ ಬಂದದ್ದು 1870ರ ದಶಕದಲ್ಲಿ, ಬ್ರಿಟಿಷ್ ಆಡಳಿತಕ್ಕೆ ಉರುವಲು ಬೇಕಾಗಿದ್ದಾಗ. ಜೋಧಪುರ ಸಂಸ್ಥಾನ 1940ರಲ್ಲಿ ಇದಕ್ಕೆ ರಾಜವೃಕ್ಷದ ಪದವಿ ಕೊಟ್ಟಿತು. ಕಚ್ಛದ ಬನ್ನಿ ಹುಲ್ಲುಗಾವಲಿನಲ್ಲಿ 1960ರ ದಶಕದ ಆರಂಭದಲ್ಲಿ, ರಣದ ಉಪ್ಪು ಮುಂದೊತ್ತಿ ಬರದಂತೆ, ಅರಣ್ಯ ಇಲಾಖೆಯೇ ನೆಟ್ಟಿತು. ಉಪ್ಪು ಬರುವುದಕ್ಕೆ ಮುಂಚೆ ಗಿಡವೇ ಹುಲ್ಲನ್ನು ನುಂಗತೊಡಗಿತು. ನೆಡುವಾಗ ಅಲ್ಲಿಯ ದನಗಾಹಿಗಳನ್ನು ಯಾರಾದರೂ ಕೇಳಿದ್ದರೆ ಎಂಬ ಸಂದೇಹ ನಮ್ಮನ್ನು ಬಿಟ್ಟಿಲ್ಲ.

ಈಗ ಕಿತ್ತೊಗೆಯುವ ಉತ್ಸಾಹದ ಕಾಲ. ತಮಿಳುನಾಡಿನಲ್ಲಿ 2017ರಲ್ಲಿ ಹೈಕೋರ್ಟಿನ ಮಧುರೈ ಪೀಠವೇ ತನ್ನ ವ್ಯಾಪ್ತಿಯ ಜಿಲ್ಲೆಗಳಿಂದ ಇದನ್ನು ತೆರವುಗೊಳಿಸಲು ಆದೇಶಿಸಿತು. ನಮ್ಮ ಬಯಲುಸೀಮೆಯಲ್ಲಿಯೂ ಕೆರೆಯಂಗಳಗಳು ಇದರ ವಶವಾಗಿವೆ. ಕೆರೆಗಳಿಂದ, ಹುಲ್ಲುಗಾವಲುಗಳಿಂದ ಅದು ಹೋಗಲೇಬೇಕು. ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಎಲ್ಲೆಡೆಯಿಂದ, ಒಂದೇ ಏಟಿಗೆ ಎಂಬುದನ್ನು ಒಪ್ಪಲಾರೆವು. ನೆಡುವಾಗ ಕೇಳದವರನ್ನು ಕೀಳುವಾಗಲೂ ಕೇಳದಿರುವುದು ನ್ಯಾಯವಲ್ಲ.

ಏಕೆಂದರೆ ಸ್ವಂತ ಹೊಲವಿಲ್ಲದ ಮನೆಗಳಲ್ಲಿ ಎಷ್ಟೋ ವರ್ಷ ಒಲೆ ಉರಿದದ್ದು ಇದೇ ಕಟ್ಟಿಗೆಯಿಂದ. ಹಸಿಯಾಗಿದ್ದರೂ ಹತ್ತಿಕೊಳ್ಳುವ, ನಿಧಾನವಾಗಿ ಕಾವು ಕೊಡುವ ಕಟ್ಟಿಗೆ ಇದು. ಇದರ ಇದ್ದಿಲಿಗೆ ಪೇಟೆಯಿದೆ. ಹೂವಿನಿಂದ ಜೇನು ದೊರೆಯುತ್ತದೆ. ಕೊಂಬೆ ಕಡಿದು ಬೇಲಿಗೆ ಒಡ್ಡಿದರೆ ಆಡು ದಾಟುವುದಿಲ್ಲ. ಎಲೆಯನ್ನು ದನಗಳು ಮೂಸುವುದೂ ಅಪರೂಪ. ಕಾಯಿಯನ್ನು ಮಾತ್ರ ಆಸೆಪಟ್ಟು ತಿನ್ನುತ್ತವೆ, ಅದು ಸಿಹಿ. ಹರಡುವಿಕೆಯ ಗುಟ್ಟು ಇರುವುದು ಅಲ್ಲಿಯೇ. ಇಡಿಯಾಗಿ ನುಂಗಿದ ಕಾಯಿಯ ಗಟ್ಟಿ ಬೀಜ ಜೀರ್ಣವಾಗದೆ, ಸೆಗಣಿಯ ಗೊಬ್ಬರದೊಡನೆಯೇ ಹೊಸ ನೆಲಕ್ಕೆ ಬೀಳುತ್ತದೆ. ನಾಟಿ ಮಾಡಿದಂತೆಯೇ ಸರಿ. ಅದೇ ಕಾಯಿಯನ್ನು ಆರಿಸಿ, ಒಣಗಿಸಿ, ಬೀಜಸಮೇತ ನುಣ್ಣಗೆ ಬೀಸಿ ಇತರ ಮೇವಿನೊಡನೆ ಮಿತವಾಗಿ ಬೆರೆಸಿದರೆ ಬೇಸಗೆಯ ಹಿಂಡಿಯ ಖರ್ಚು ಇಳಿಯುತ್ತದೆ, ಬೀಜವೂ ಸಾಯುತ್ತದೆ. ಜೋಧಪುರದ ಕೇಂದ್ರೀಯ ಶುಷ್ಕ ವಲಯ ಸಂಶೋಧನಾ ಸಂಸ್ಥೆ ಈ ಕಾಯಿಯ ಮೇವಿನ ಮೇಲೆ ಕೆಲಸ ಮಾಡಿದೆ. ಕಾಫಿಯಂಥ ಪುಡಿಯನ್ನೂ ತಯಾರಿಸಿದೆ. (ಕುಡಿಯುವ ಧೈರ್ಯ ನಮಗೆ ಇನ್ನೂ ಬಂದಿಲ್ಲ.) ಬಳಸುವುದೇ ಇಲ್ಲಿ ತಡೆಯುವ ಉಪಾಯವೂ ಹೌದು.

ಆದುದರಿಂದ ಕೆರೆ ತೆರವಿನ ಕೆಲಸವನ್ನು ಊರ ಹೊರಗಿನ ಗುತ್ತಿಗೆದಾರನಿಗೆ ಹರಾಜು ಹಾಕುವ ಮೊದಲು, ಕಟ್ಟಿಗೆಯ ಮೊದಲ ಹಕ್ಕು ಅದೇ ಊರಿನ, ಹೊರೆ ಹೊತ್ತ ಹೆಂಗಸರದೆಂದು ಬರೆದಿಡಬೇಕು. ಬೀಸುವ ಯಂತ್ರವೊಂದನ್ನು ಪಂಚಾಯತಿಯ ಹಾಲಿನ ಸಂಘದ ಪಕ್ಕದಲ್ಲಿಯೇ ಇಡಬಹುದು. ಖಾಲಿಯಾದ ಅಂಗಳದಲ್ಲಿ ಹುಲ್ಲೋ ನಿಜವಾದ ಕರಿಜಾಲಿಯೋ ಏಳುವವರೆಗೆ ಕಾವಲೂ ಬೇಕು. ಇಲ್ಲದಿದ್ದರೆ ಮಣ್ಣಿನಲ್ಲಿ ಉಳಿದ ಬೀಜ ಎರಡು ಮಳೆಯಲ್ಲಿ ಲೆಕ್ಕ ತೀರಿಸುತ್ತದೆ.

ಕೊಪ್ಪಳದ ಮಿತ್ರರು ಇದನ್ನೆಲ್ಲ ಕೇಳಿ ತಲೆಯಾಡಿಸಿದರಾದರೂ ಒಪ್ಪಲಿಲ್ಲ. ಊರಲ್ಲಿ ಅವರ ಹೊಲದ ಬದುವಿನ ಮೇಲೆ ಮೂರು ಸಲ ಕಡಿಸಿದ್ದಾರಂತೆ. ಕೂಲಿಯವರು ನೆಲಮಟ್ಟಕ್ಕೆ ಕಡಿದು ಹೋಗುತ್ತಾರೆ, ಬುಡದ ಗೆಡ್ಡೆ ಒಳಗೇ ಉಳಿಯುತ್ತದೆ, ಒಂದು ಕಾಂಡವಿದ್ದಲ್ಲಿ ಐದಾರು ಚಿಗುರುತ್ತವೆ. "ನೀವು ಒಮ್ಮೆ ಬಂದು ಗುದ್ದಲಿ ಹಿಡೀರಿ, ಆಮೇಲೆ ಬರೀರಿ" ಎಂದರು. ದೀಪಾವಳಿಯ ರಜೆಗೆ ಹೋಗುವುದೆಂದು ಮಾತಾಗಿದೆ.